ಚುಕ್ಕಿ, ಪುಟ, ಹೊಸ್ತಿಲು: ಜನಪದ ಸೃಷ್ಟಿಶೀಲತೆಯಲ್ಲಿ ಸ್ಫೂರ್ತಿಯ ನೆಲೆ

ಸ್ಫೂರ್ತಿಯನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿಯೇ ನಡೆದುಬಂದಿದೆ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರು ಕಾವ್ಯಹೇತುಗಳಲ್ಲಿ ಪ್ರತಿಭೆಗೆ ಅಗ್ರಸ್ಥಾನ. ಅಭ್ಯಾಸವು ಅದನ್ನು ಹಿಂಬಾಲಿಸುವ ಸೇವಕ. ಜನಪದ ಕಲೆಯ ಆಚರಣೆಯನ್ನು ಸಮೀಪದಿಂದ ನೋಡಿದಾಗ ಈ ಕ್ರಮ ತಿರುವುಮುರುವಾಗುತ್ತದೆ. ಅಲ್ಲಿ ಕೈಯ ನಿತ್ಯದ ಕೆಲಸ ಮೊದಲು. ಹೊಸತು ಹೊಳೆಯುವುದು ಆ ಕೆಲಸದ ನಡುವೆ. ಇದಕ್ಕೆ ಸ್ಪಷ್ಟ ಸಾಕ್ಷ್ಯ ಒದಗಿಸುವ ಆಕರವೊಂದು ಜಾನಪದ ಸಂಶೋಧನೆಯ ಅವಗಣನೆಗೆ ಒಳಗಾಗಿದೆ. ಅದು ಹೆಂಗಸರ ರಂಗೋಲಿ ಪುಸ್ತಕ.

ಶಾಲೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳು, ಹಳೆಯ ಲೆಕ್ಕದ ಪುಸ್ತಕದ ಹಿಂಬದಿ, ಚೌಕುಳಿ ಗೆರೆಯ ಗಣಿತದ ಪುಸ್ತಕ: ಇವೇ ಸಾಮಾನ್ಯವಾಗಿ ರಂಗೋಲಿ ಪುಸ್ತಕಗಳಾಗುತ್ತವೆ. ಪುಟದ ಮೂಲೆಯಲ್ಲಿ ‘15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ’ ಎಂಬಂಥ ಸೂಚನೆಯಿರುತ್ತದೆ. ನಡುವಿನ ಸಾಲಿನಲ್ಲಿ 15 ಚುಕ್ಕಿ; ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆಯಾಗುತ್ತ 8ಕ್ಕೆ ನಿಲ್ಲುವ 15 ಸಾಲುಗಳು; ಒಟ್ಟು 169 ಚುಕ್ಕಿಗಳ ಆರು ಮೂಲೆಯ ಹಂದರ. ಇಷ್ಟೆಲ್ಲವನ್ನೂ ಆ ಒಂದು ಟಿಪ್ಪಣಿ ಅಡಕಗೊಳಿಸಿರುತ್ತದೆ. ಅದೇ ಪುಸ್ತಕದಲ್ಲಿ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉಪ್ಪಿನಕಾಯಿಯ ಅಳತೆ, ಕೈಗಡದ ಲೆಕ್ಕವೂ ಸೇರಿಕೊಳ್ಳುವುದುಂಟು. ಚಿತ್ರ, ದಿನಚರಿ, ಬರಹ ಎಂಬ ವಿಂಗಡಣೆಯನ್ನು ಈ ಪುಟಗಳು ಒಪ್ಪುವುದಿಲ್ಲ.

ಜಾನಪದ ಅಧ್ಯಯನ ಇದನ್ನು ಏಕೆ ಬದಿಗಿಟ್ಟಿತು? ಜಾನಪದವೆಂದರೆ ಮೌಖಿಕವಾದುದು, ಬರಹಕ್ಕಿಳಿದುದು ಕಲುಷಿತವಾದುದು ಎಂಬ ನಂಬಿಕೆ ಸಂಗ್ರಹಕಾರರಲ್ಲಿ ಬಲವಾಗಿತ್ತು. ಹಾಡುಗಾರ್ತಿ ಪುಸ್ತಕ ನೋಡಿ ಹಾಡಿದರೆ ಆ ಪಾಠ ಸಂಶಯಾಸ್ಪದವೆನಿಸಿತು. ಅಂಗಳದ ರಂಗೋಲಿಯ ಛಾಯಾಚಿತ್ರ ಸಂಗ್ರಹಕ್ಕೆ ಬಂದಿತು. ಅದು ರೂಪುಗೊಂಡ ಪುಟ ಬರಲಿಲ್ಲ. ಇದರಿಂದ ಫಲಿತಾಂಶ ದಾಖಲಾಯಿತು, ಸೃಷ್ಟಿಯ ಪ್ರಕ್ರಿಯೆ ಕೈತಪ್ಪಿತು. ಅಳಿಸಿದ ಗೆರೆ, ತಪ್ಪಿದ ಎಣಿಕೆ, ನೆರೆಮನೆಯ ಚಿತ್ರವನ್ನು ತನ್ನ ಅಂಗಳದ ಅಗಲಕ್ಕೆ ಹೊಂದಿಸಲು ಕಳೆದ ಎರಡು ಸಾಲು: ಸ್ಫೂರ್ತಿ ಕೆಲಸ ಮಾಡಿದ ಗುರುತುಗಳು ಉಳಿಯುವುದು ಪುಟದಲ್ಲಿ ಮಾತ್ರ. ಅಂಗಳದಲ್ಲಿನದು ಮರುದಿನ ಬೆಳಿಗ್ಗೆ ನೀರು ಚಿಮುಕಿಸಿ ಗುಡಿಸಿದೊಡನೆ ಇಲ್ಲವಾಗುತ್ತದೆ.

ರಂಗೋಲಿಯ ರಚನಾನಿಯಮಗಳತ್ತ ಗಣಿತಜ್ಞರು ಗಮನ ಹರಿಸಿದ್ದಾರೆ. ಮದ್ರಾಸಿನ ಗಿಫ್ಟ್ ಸಿರೊಮೊನಿ ಮತ್ತು ಅವರ ಸಹಸಂಶೋಧಕರು 1974ರಲ್ಲಿ ತಮಿಳುನಾಡಿನ ಕೋಲಂ ಆಕೃತಿಗಳನ್ನು ಔಪಚಾರಿಕ ವ್ಯಾಕರಣದ ಮೂಲಕ ವಿವರಿಸಿದರು. ಮನೆಯಂಗಳದ ಕಲೆಗೆ ನಿಯಮಬದ್ಧ ಚಿಂತನೆಯಿದೆ ಎಂದು ತೋರಿಸಿದ್ದು ಈ ಅಧ್ಯಯನದ ಹಿರಿಮೆ. ಆದರೆ ವ್ಯಾಕರಣವು ಯಾವ ಆಕೃತಿ ಸಾಧ್ಯ ಎಂಬುದನ್ನು ಹೇಳೀತೇ ಹೊರತು ಇಂದು ಈ ಮನೆಯ ಮುಂದೆ ಯಾವುದು ಉಚಿತ ಎಂಬುದನ್ನಲ್ಲ. ಧನುರ್ಮಾಸಕ್ಕೊಂದು, ದೀಪಾವಳಿಗೊಂದು, ಮಗಳು ತವರಿಗೆ ಬರುವ ದಿನಕ್ಕೊಂದು. ಸಾವಿನ ಮನೆಯ ಮುಂದೆ ರಂಗೋಲಿಯೇ ಇಲ್ಲ. ಈ ಆಯ್ಕೆ ಬದುಕಿನ ಸಂದರ್ಭದಿಂದ ಹುಟ್ಟುತ್ತದೆ. ಜನಪದರ ಸ್ಫೂರ್ತಿ ನೆಲೆಸಿರುವುದು ನಿಯಮ ಮತ್ತು ಸಂದರ್ಭಗಳು ಸಂಧಿಸುವ ಈ ಬಿಂದುವಿನಲ್ಲಿ.

ಸಾಗರ, ಸೊರಬ, ಹೊಸನಗರದ ಕಡೆಯ ದೀವರ ಹಸೆ ಚಿತ್ತಾರ ಇದನ್ನೇ ಬೇರೊಂದು ಬಗೆಯಲ್ಲಿ ಸಮರ್ಥಿಸುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಇಲ್ಲಿ ಸಾಂಪ್ರದಾಯಿಕವಾಗಿ ಪುಸ್ತಕವಿಲ್ಲ. ಹಿರಿಯಳ ಕೈಯನ್ನು ನೋಡುತ್ತ ಕಿರಿಯಳು ಕಲಿಯುತ್ತಾಳೆ. ಮದುವೆಯ ಹಸೆಗೋಡೆ, ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿ ಬರೆಯುವ ಕಾಲವನ್ನು ನಿಶ್ಚಯಿಸುತ್ತವೆ. ಚಿತ್ತಾರವನ್ನು ‘ಬರೆಯುವುದು’ ಎಂದೇ ಹೇಳುವ ರೂಢಿ ಗಮನಾರ್ಹ: ಅಕ್ಷರಕ್ಕೂ ಗೆರೆಗೂ ಕನ್ನಡದಲ್ಲಿ ಒಂದೇ ಕ್ರಿಯಾಪದ.

ಹಾಗಾದರೆ ಪುಟದಲ್ಲಿ ಕೂಡಿಟ್ಟದ್ದು ತಾನಾಗಿಯೇ ಸೃಷ್ಟಿಯಾಗುತ್ತದೆಯೆ? ಈ ಪ್ರಶ್ನೆಗೆ ಕನ್ನಡದ ಜನಪದ ಕಥೆಯೊಂದು ಉತ್ತರ ನೀಡುತ್ತದೆ. ಎ.ಕೆ. ರಾಮಾನುಜನ್ ಅವರು 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ಈ ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು; ಆಕೆ ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವು ಆಕೆ ನಿದ್ರಿಸಿದಾಗ ಹೊರಬಿದ್ದು ಬಾಗಿಲಲ್ಲಿ ಪಾದರಕ್ಷೆಯಾಗಿ, ಗೂಟದಲ್ಲಿ ಗಂಡಸಿನ ಅಂಗಿಯಾಗಿ ಕುಳಿತವು. ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ದೇವಸ್ಥಾನದಲ್ಲಿ ಮಲಗಿದ ಗಂಡನಿಗೆ ಊರಿನ ದೀಪಗಳ ಮಾತಿನಿಂದ ನಿಜ ತಿಳಿಯುವ ಹೊತ್ತಿಗೆ ಆಕೆಗೆ ಕಥೆಯೂ ಮರೆತಿದೆ, ಹಾಡೂ ಮರೆತಿದೆ. ಹಂಚದೆ ಉಳಿಸಿಕೊಂಡದ್ದು ಕೆಡುತ್ತದೆ ಎಂಬುದು ಈ ಕಥೆಯ ಕಾವ್ಯಮೀಮಾಂಸೆ.

ಮೈಸೂರಿನಲ್ಲಿ 1929ರಲ್ಲಿ ಜನಿಸಿ 1993ರಲ್ಲಿ ನಿಧನರಾದ ರಾಮಾನುಜನ್ ಸ್ವತಃ ಕವಿ, ಜಾನಪದ ವಿದ್ವಾಂಸ, ದಿನಚರಿ ಬರೆದಿಟ್ಟವರು. ಅವರ ದಿನಚರಿಗಳ ಆಯ್ದ ಭಾಗಗಳು 2019ರಲ್ಲಿ ಪುಸ್ತಕವಾಗಿ ಹೊರಬಂದವು. ಕವಿಯ ದಿನಚರಿಗೆ ಗ್ರಂಥಭಂಡಾರದಲ್ಲಿ ಸ್ಥಾನ ದೊರೆಯುವುದು ಸರಿಯೇ. ಆದರೆ ರಂಗೋಲಿ ಪುಸ್ತಕವೂ ಅದೇ ಬಗೆಯ ಸೃಷ್ಟಿಯ ದಾಖಲೆ. ಒಂದನ್ನು ಹಸ್ತಪ್ರತಿಯೆಂದೂ ಇನ್ನೊಂದನ್ನು ರದ್ದಿಯೆಂದೂ ಎಣಿಸುವ ತಾರತಮ್ಯಕ್ಕೆ ಶಾಸ್ತ್ರೀಯ ಆಧಾರವಿಲ್ಲ.

ಈ ಹಿನ್ನೆಲೆಯಲ್ಲಿ ಮುದ್ರಿತ ರಂಗೋಲಿ ಪುಸ್ತಕಗಳನ್ನೂ ನೆಲಕ್ಕೆ ಅಂಟಿಸುವ ಸಿದ್ಧ ರಂಗೋಲಿಯನ್ನೂ ಬೇರೆಬೇರೆಯಾಗಿ ತೂಗಬೇಕಾಗುತ್ತದೆ. ಚುಕ್ಕಿಯ ಲೆಕ್ಕವನ್ನು ಕೊಡುವ ಮುದ್ರಿತ ಪುಟ ಕೈಗೆ ಕೆಲಸ ಕೊಡುತ್ತದೆ; ಅದರಿಂದ ಹೊಸ ಚಿತ್ರ ಹುಟ್ಟಬಹುದು. ಅಂಟಿಸುವ ಹಾಳೆ ಎಣಿಕೆಯನ್ನೇ ಕಸಿದುಕೊಳ್ಳುತ್ತದೆ. ಅಲ್ಲಿ ತಪ್ಪುವ ಅವಕಾಶವಿಲ್ಲ, ಆದ್ದರಿಂದ ಹೊಳೆಯುವ ಅವಕಾಶವೂ ಇಲ್ಲ. ಬರಹ ಬಂದುದರಿಂದ ಜನಪದ ಕಲೆ ಬಡವಾಯಿತೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪುಟದಿಂದ ಹೊಸ್ತಿಲಿಗೆ ಮರಳುವ ದಾರಿ ಮುಚ್ಚಿದಾಗ ಮಾತ್ರ ಅದು ಬಡವಾಗುತ್ತದೆ.

ಅಜ್ಜಿ ತೀರಿಕೊಂಡ ಮನೆಗಳಲ್ಲಿ ಇಂಥ ಪುಸ್ತಕಗಳು ಹಳೆಯ ಕಾಗದದೊಡನೆ ತೂಕಕ್ಕೆ ಹೋಗಿಬಿಡುವುದುಂಟು. ಅವುಗಳನ್ನು ಸಂಗ್ರಹಿಸುವುದು ಗ್ರಂಥಾಲಯಗಳ ತುರ್ತು ಹೊಣೆ. ಆದರೆ ಸಂಗ್ರಹವಷ್ಟೇ ಸಾಲದು. ಯಾವ ಚಿತ್ರ ಯಾರಿಂದ ಬಂದಿತು, ಯಾವ ದಿನ ಅಂಗಳಕ್ಕಿಳಿಯಿತು, ಯಾರ ಕೈಗೆ ದಾಟಿತು ಎಂಬ ವಿವರಗಳೂ ದಾಖಲಾಗಬೇಕು. ಪ್ರತಿಗಳು ಆಯಾ ಊರಿನ ಹೆಣ್ಣುಮಕ್ಕಳ ಕೈಗೆ ಮರಳಬೇಕು. ಇಲ್ಲವಾದರೆ ಸಂಗ್ರಹಾಲಯವೇ ಆ ಕಥೆಯ ಹೆಂಗಸಿನಂತೆ ಎಲ್ಲವನ್ನೂ ಇಟ್ಟುಕೊಂಡು ಎಲ್ಲವನ್ನೂ ಮರೆತೀತು.