ಮಡಕೆಯ ಮೇಲೆ ಯಾರ ಹೆಸರು?

ಥಿಯಾಸ್ಟರ್ ಗೇಟ್ಸ್ ಹೆಸರು ನಮ್ಮ ಐಟಿ ಮಂದಿಗೆ ಗೊತ್ತಿದ್ದರೆ, ಅದು ಬಹುಮಟ್ಟಿಗೆ 'ಒಂದು ಡಾಲರಿಗೆ ಬ್ಯಾಂಕ್ ಕೊಂಡ ಕಲಾವಿದ' ಅಂತಲೇ ಗೊತ್ತಿರುತ್ತದೆ. 2015ರಲ್ಲಿ ಆತ ಮಾಡಿದ ಟೆಡ್ ಭಾಷಣದ ಲಿಂಕು ನನಗೆ ಮೂರು ಬೇರೆ ಬೇರೆ ಆಫೀಸ್ ಗ್ರೂಪುಗಳಲ್ಲಿ ಬಂದಿದೆ, ಮೂರರಲ್ಲೂ ಕೆಳಗೆ 'ಸಖತ್ ಹ್ಯಾಕ್ ಗುರೂ' ಅನ್ನೋ ಥರದ್ದೇ ಮೆಚ್ಚುಗೆ. ಕಥೆ ನಿಜಕ್ಕೂ ಚೆನ್ನಾಗಿದೆ. ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿ, ಕಪ್ಪು ಜನರೇ ಹೆಚ್ಚಾಗಿರುವ ಪ್ರದೇಶದಲ್ಲಿ, 1923ರಲ್ಲಿ ಕಟ್ಟಿದ ಒಂದು ಬ್ಯಾಂಕ್ ಕಟ್ಟಡ ದಶಕಗಳಿಂದ ಪಾಳು ಬಿದ್ದಿತ್ತು. ನಗರಾಡಳಿತ ಅದನ್ನು ಕೆಡವುವುದರಲ್ಲಿತ್ತು. ಗೇಟ್ಸ್ ಅದನ್ನು ಒಂದು ಡಾಲರಿಗೆ ಪಡೆದ. ರಿಪೇರಿ ದುಡ್ಡು ನೀನೇ ಹೊಂದಿಸಬೇಕು ಅನ್ನುವುದು ಷರತ್ತು. ಆತ ಬ್ಯಾಂಕಿನ ಶೌಚಾಲಯದಲ್ಲಿದ್ದ ಅಮೃತಶಿಲೆಯನ್ನು ಕೀಳಿಸಿ, ಸಣ್ಣ ಹಲಗೆಗಳನ್ನಾಗಿ ಕತ್ತರಿಸಿ, ಬಾಂಡ್ ಪತ್ರದ ಹಾಗೆ ಅಕ್ಷರ ಕೊರೆಸಿ, ಅಮೆರಿಕದ ನೋಟಿನ ಮೇಲೆ ದೇವರ ಹೆಸರಿರುವ ಕಡೆ ಕಲೆಯ ಹೆಸರನ್ನು ಹಾಕಿ, 2013ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಟ್ ಬಾಸೆಲ್ ಮೇಳಕ್ಕೆ ಒಯ್ದ. ಒಟ್ಟು 100 ಹಲಗೆ. ಒಂದೊಂದಕ್ಕೆ 5,000 ಡಾಲರ್. 2015ರ ಅಕ್ಟೋಬರಿನಲ್ಲಿ ಆ ಕಟ್ಟಡ 'ಸ್ಟೋನಿ ಐಲೆಂಡ್ ಆರ್ಟ್ಸ್ ಬ್ಯಾಂಕ್' ಆಗಿ ತೆರೆಯಿತು. ಒಳಗೆ 'ಎಬನಿ', 'ಜೆಟ್' ಪತ್ರಿಕೆಗಳನ್ನು ಹೊರತರುತ್ತಿದ್ದ ಜಾನ್ಸನ್ ಪಬ್ಲಿಷಿಂಗ್ ಕಂಪನಿಯ ಗ್ರಂಥಾಲಯ, ಹೌಸ್ ಸಂಗೀತದ ದೊಡ್ಡ ಹೆಸರು ಫ್ರ್ಯಾಂಕಿ ನಕಲ್ಸ್‌ನ ಗ್ರಾಮಫೋನ್ ರೆಕಾರ್ಡುಗಳು.

ನಾವು ಇದನ್ನು ಸ್ಟಾರ್ಟಪ್ ಕಥೆಯಾಗಿ ಕೇಳಿ ಖುಷಿಪಡುತ್ತೇವೆ. ಹೂಡಿಕೆ ಇಷ್ಟು, ಲಾಭ ಇಷ್ಟು. ನನಗೆ ಕಾಡಿದ್ದು ಬೇರೆ ಪ್ರಶ್ನೆ. ಪಾಯಿಖಾನೆಯ ಕಲ್ಲಿನ ಚೂರಿಗೆ 5,000 ಡಾಲರ್ ಬೆಲೆ ಬಂದದ್ದು ಎಲ್ಲಿಂದ? ಕಲ್ಲಿನಿಂದ ಅಲ್ಲ, ಅದು ಅಲ್ಲಿ ತೊಂಬತ್ತು ವರ್ಷ ಬಿದ್ದೇ ಇತ್ತು. ಬೆಲೆ ಬಂದದ್ದು ಹೆಸರಿನಿಂದ. ಹೆಸರು ಅನ್ನುವ ಈ ವಸ್ತುವನ್ನು ಗೇಟ್ಸ್ ಇಪ್ಪತ್ತು ವರ್ಷಗಳಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾನೆ. ಅದಕ್ಕೆ ಕಾರಣ ಆತನ ಇಬ್ಬರು ಗುರುಗಳು. ಇಬ್ಬರೂ ಕುಂಬಾರಿಕೆಗೆ ಸಂಬಂಧಪಟ್ಟವರು, ಇಬ್ಬರನ್ನೂ ಆತ ಕಂಡಿಲ್ಲ, ಮತ್ತು ಹೆಸರಿನ ವಿಷಯದಲ್ಲಿ ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಗೇಟ್ಸ್ ಹುಟ್ಟಿದ್ದು 1973ರಲ್ಲಿ, ಶಿಕಾಗೋದಲ್ಲಿ. ಎಂಟು ಜನ ಅಕ್ಕಂದಿರ ನಂತರದ ಒಂಬತ್ತನೆಯವನು. ಅಮ್ಮ ಶಾಲೆ ಟೀಚರ್. ಅಪ್ಪನದು ಛಾವಣಿಗೆ ಡಾಂಬರು ಹಾಕುವ ಕೆಲಸ. ಚರ್ಚಿನಲ್ಲಿ ಹಾಡುತ್ತಾ ಬೆಳೆದ ಹುಡುಗ ಅಯೋವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಗರ ಯೋಜನೆ ಮತ್ತು ಕುಂಬಾರಿಕೆ ಎರಡನ್ನೂ ಓದಿದ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಸ್ನಾತಕೋತ್ತರ ಪದವಿ ಪಡೆದ. ಜಪಾನಿನ ಟೊಕೊನಾಮೆಗೂ ಹೋದ. ಶತಮಾನಗಳಿಂದ ಮಡಕೆಯನ್ನೇ ನಂಬಿ ಬದುಕಿದ ಊರು ಅದು. ಶಿಕಾಗೋದ ಸಾರಿಗೆ ಸಂಸ್ಥೆಯಲ್ಲಿ ನೌಕರಿಯನ್ನೂ ಮಾಡಿದ. ಹಗಲು ನೌಕರಿ, ಉಳಿದ ಹೊತ್ತು ತಿಗರಿ.

ಬಟ್ಟಲು ಮಾಡಿದ, ತಟ್ಟೆ ಮಾಡಿದ. ಹಿಡಿದ ಗಂಟೆಗಳಿಗೆ ತಕ್ಕ ದುಡ್ಡು ಹುಟ್ಟಲಿಲ್ಲ. ಆಗ, 2007ರಲ್ಲಿ, ಶಿಕಾಗೋದ ಹೈಡ್ ಪಾರ್ಕ್ ಆರ್ಟ್ ಸೆಂಟರಿನಲ್ಲಿ ಒಂದು ಆಟ ಹೂಡಿದ. ಯಾಮಾಗುಚಿ ಅಂತ ಒಬ್ಬ ಜಪಾನಿ ಕುಂಬಾರನಂತೆ. ಯುದ್ಧದ ನಂತರ ಅಮೆರಿಕದ ಮಿಸಿಸಿಪ್ಪಿಗೆ ಬಂದು ನೆಲೆಸಿದನಂತೆ. ಅಲ್ಲಿ ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಪ್ಪು ಹೆಂಗಸನ್ನು ಮದುವೆಯಾದನಂತೆ. ಕಪ್ಪು ಜನರ ಅಡುಗೆಗೆಂದೇ ತಟ್ಟೆಗಳನ್ನು ಮಾಡಿ, ಎಲ್ಲರನ್ನೂ ಊಟಕ್ಕೆ ಕೂರಿಸಿ ವರ್ಣಭೇದದ ಬಗ್ಗೆ ಮಾತಾಡಿಸುತ್ತಿದ್ದನಂತೆ. ಇವು ಆ ಮಹಾನುಭಾವನ ತಟ್ಟೆಗಳು, ಬನ್ನಿ ಊಟಕ್ಕೆ ಕೂರಿ, ಅಂತ ಗೇಟ್ಸ್ ಜನರನ್ನು ಕರೆದ. ಜನ ಬಂದರು, ನಂಬಿದರು, ತಟ್ಟೆಗಳನ್ನು ಗೌರವದಿಂದ ನೋಡಿದರು. ಯಾಮಾಗುಚಿ ಅನ್ನುವವನು ಇರಲೇ ಇಲ್ಲ. ಎಲ್ಲ ಗೇಟ್ಸ್ ಕಟ್ಟಿದ ಕಥೆ.

ಇದನ್ನು ಮೋಸ ಅನ್ನಬಹುದು. ನನಗೆ ಹಾಗನ್ನಿಸಲಿಲ್ಲ, ಆತನ ಇಡೀ ವೃತ್ತಿಯಲ್ಲೇ ಅತ್ಯಂತ ಪ್ರಾಮಾಣಿಕ ಕೆಲಸ ಇದು ಅನ್ನಿಸಿತು. ಡಾಂಬರು ಹಾಕುವವನ ಮಗ ಮಾಡಿದ ತಟ್ಟೆ, ಜಪಾನಿ ಮಾಸ್ಟರ್ ಮಾಡಿದ ತಟ್ಟೆ, ಎರಡೂ ಒಂದೇ ತಟ್ಟೆ. ಕೊಳ್ಳುವವರು ಮಣ್ಣನ್ನು ನೋಡುತ್ತಿರಲಿಲ್ಲ. ಕೆಲಸ ಹೋಯಿತು, ಕೈ ಹೋಯಿತು, ಉಳಿದದ್ದು ಹೆಸರೊಂದೇ ಅನ್ನುವುದನ್ನು ಆತ ಅವರ ಬಾಯಿಗೇ ಊಟ ಬಡಿಸಿ ತೋರಿಸಿದ.

ಈಗ ಮೊದಲ ಗುರು. ಯಾನಾಗಿ ಸೊಯೆತ್ಸು ಅನ್ನುವ ಜಪಾನಿ ಚಿಂತಕ 1925ರ ಸುಮಾರಿಗೆ ಹಮಾದಾ ಶೋಜಿ, ಕವಾಯ್ ಕಂಜಿರೊ ಎಂಬ ಇಬ್ಬರು ಕುಂಬಾರರ ಜೊತೆ ಸೇರಿ 'ಮಿಂಗೇ' ಅನ್ನುವ ಪದ ಹುಟ್ಟಿಸಿದ. ಸಾಮಾನ್ಯ ಜನರ ಕಸುಬಿನ ಕಲೆ ಅಂತ ಅರ್ಥ. ಆತನ ವಾದ ಹೀಗೆ: ನಿಜವಾದ ಸೌಂದರ್ಯ ಇರುವುದು ದಿನಬಳಕೆಯ ಅಗ್ಗದ ವಸ್ತುವಿನಲ್ಲಿ. ಅದನ್ನು ಮಾಡಿದವನಿಗೆ ಹೆಸರಿಲ್ಲ, ಹೆಸರು ಬೇಕೂ ಇಲ್ಲ. ಒಂದೇ ಬಟ್ಟಲನ್ನು ಸಾವಿರ ಸಲ ಮಾಡಿ ಮಾಡಿ ಅವನ 'ನಾನು' ಕರಗಿಹೋಗಿರುತ್ತದೆ. ಹೆಸರಿನ ಮುದ್ರೆ ಒತ್ತಿದ ಕ್ಷಣವೇ ವಸ್ತು ಕೆಡುತ್ತದೆ.

ಕೇಳಲು ಎಷ್ಟು ಚೆಂದ! ಆದರೆ ಯಾನಾಗಿ ಇದನ್ನು ಕಲಿತದ್ದು ಬಹುಪಾಲು ಕೊರಿಯಾದ ಹಳೆಯ ಮಡಕೆಗಳಿಂದ. ಆಗ ಕೊರಿಯಾ ಜಪಾನಿನ ಕೈಕೆಳಗಿತ್ತು. ಯಾನಾಗಿ ಒಳ್ಳೆಯ ಮನುಷ್ಯನೇ, ಸಿಯೋಲ್‌ನ ಅರಮನೆಯ ಹೆಬ್ಬಾಗಿಲನ್ನು ಕೆಡವಲು ಹೊರಟ ತನ್ನದೇ ಸರ್ಕಾರದ ವಿರುದ್ಧ ಬರೆದವನು. ಆದರೂ ಆಳುವ ದೇಶದವನೊಬ್ಬ ಆಳಿಸಿಕೊಳ್ಳುವ ದೇಶದ ಕುಂಬಾರನಿಗೆ 'ನಿನಗೆ ಹೆಸರಿಲ್ಲದಿರುವುದೇ ಚೆಂದ' ಅನ್ನುವುದು ನನ್ನ ಕಿವಿಗೆ ಸರಿಯಾಗಿ ಬೀಳುವುದಿಲ್ಲ.

ಬೀಳದೇ ಇರಲು ನನ್ನದೇ ಕಾರಣವೂ ಇದೆ ಅನ್ನಿ. ನಮ್ಮೂರಲ್ಲಿ ಒಂದು ಕುಂಬಾರರ ಮನೆಯಿತ್ತು. ಹಬ್ಬದ ಮಡಕೆ, ಮದುವೆ ಶಾಸ್ತ್ರದ ಮಡಕೆ, ಬೇಸಿಗೆಗೆ ನೀರಿನ ಮಡಕೆ ಎಲ್ಲ ಅಲ್ಲಿಂದಲೇ. ಸುಗ್ಗಿಯಲ್ಲಿ ಇಷ್ಟು ರಾಗಿ ಅಳೆದುಕೊಟ್ಟರೆ ಲೆಕ್ಕ ಚುಕ್ತಾ. ಆ ಅಜ್ಜನನ್ನು ಊರೆಲ್ಲ, ಚಿಕ್ಕ ಮಕ್ಕಳೂ ಸೇರಿ, ಜಾತಿ ಹಿಡಿದೇ ಕರೆಯುತ್ತಿದ್ದರು. ಅಜ್ಜನಿಗೂ ಒಂದು ಹೆಸರಿತ್ತು ಅಂತ ನನಗೆ ತಿಳಿದದ್ದು ತಿಥಿ ಕಾರ್ಡು ಬಂದಾಗ. ಯಾನಾಗಿ ನಮ್ಮೂರಿಗೆ ಬಂದಿದ್ದರೆ ಬಹಳ ಸಂತೋಷಪಡುತ್ತಿದ್ದನೇನೋ. ಅಜ್ಜನ 'ನಾನು' ಕರಗಿತ್ತೋ, ಊರೇ ಸೇರಿ ಕರಗಿಸಿತ್ತೋ, ಅದನ್ನು ಯಾರೂ ವಿಚಾರಿಸಿದವರಲ್ಲ.

ಎರಡನೆಯ ಗುರು ಡೇವ್. ಹತ್ತೊಂಬತ್ತನೇ ಶತಮಾನ, ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಎಡ್ಜ್‌ಫೀಲ್ಡ್. ಆತ ಗುಲಾಮ. ಒಡೆಯರ ಮಡಕೆ ಕಾರ್ಖಾನೆಗಳಲ್ಲಿ ಭಾರೀ ಭಾರೀ ಗುಡಾಣಗಳನ್ನು ಮಾಡುತ್ತಿದ್ದ, ಕೆಲವಂತೂ 40 ಗ್ಯಾಲನ್, ಅಂದರೆ ನೂರೈವತ್ತು ಲೀಟರ್ ಹಿಡಿಯುವಷ್ಟು. ಮಾಂಸ ಉಪ್ಪು ಹಾಕಿ ಕೂಡಿಡಲು ಬೇಕಾದ ಪಾತ್ರೆಗಳು. 1834ರಲ್ಲಿ ಆ ರಾಜ್ಯ ಗುಲಾಮರಿಗೆ ಓದು ಬರಹ ಕಲಿಸುವುದನ್ನೇ ನಿಷೇಧಿಸಿ ಕಾನೂನು ಮಾಡಿತು. ಡೇವ್ ಬರೆದ ಪದ್ಯವಿರುವ, ನಮಗೆ ಗೊತ್ತಿರುವ ಮೊದಲ ಗುಡಾಣ ಅದೇ ವರ್ಷದ್ದು. ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿದಂತೆ ಎರಡು ಸಾಲಿನ ಪದ್ಯ, ದಿನಾಂಕ, ಒಡೆಯನ ಇನಿಷಿಯಲ್ಲು, ಪಕ್ಕದಲ್ಲೇ ರಾಜಾರೋಷವಾಗಿ ತನ್ನ ಹೆಸರು. 1857ರ ಒಂದು ಗುಡಾಣದ ಮೇಲೆ ತನ್ನ ಬಂಧುಬಳಗವೆಲ್ಲ ಎಲ್ಲಿದೆಯೋ ಅಂತ ಕೇಳಿಕೊಂಡಿದ್ದಾನೆ. ಮಾರಾಟವಾಗಿ ಚದುರಿಹೋದ ಸಂಸಾರಗಳ ಕಾಲ ಅದು. ಬಿಡುಗಡೆಯಾದ ಮೇಲೆ ಆತ ಡೇವಿಡ್ ಡ್ರೇಕ್ ಆದ. ಡ್ರೇಕ್ ಅನ್ನುವುದೂ ಹಳೆಯ ಒಡೆಯನೊಬ್ಬನ ಮನೆತನದ ಹೆಸರೇ.

ಯಾನಾಗಿಯ ತಕ್ಕಡಿಯಲ್ಲಿ ಡೇವ್ ಕೆಟ್ಟ ಕುಂಬಾರ, ಯಾಕೆಂದರೆ ಸಹಿ ಹಾಕಿದ. ಡೇವ್‌ಗೆ ಸಹಿ ಅಂದರೆ ಅಹಂಕಾರದ ಪ್ರಶ್ನೆಯೇ ಅಲ್ಲ, ಛಡಿಯೇಟಿನ ಪ್ರಶ್ನೆ. ಯಾರು ಮಾಡಿದ್ದು ಅಂತ ದಾಖಲಾಗುವುದು ಎಲ್ಲರಿಗೂ ಒಂದೇ ಅಲ್ಲ ನೋಡಿ. ನಮ್ಮ ಕಂಪನಿಗಳ ಕೋಡಿನಲ್ಲಿ ಪ್ರತಿ ಸಾಲಿಗೂ ಬರೆದವರ ಹೆಸರು ಗಿಟ್‌ನಲ್ಲಿ ಇದ್ದೇ ಇರುತ್ತದೆ, ಆದರೆ ಅದನ್ನು ತೆಗೆದು ನೋಡುವುದು ಏನಾದರೂ ಕೆಟ್ಟಾಗ. ಆ ಕಮಾಂಡಿನ ಹೆಸರೇ 'ಬ್ಲೇಮ್'.

2010ರಲ್ಲಿ ಮಿಲ್ವಾಕಿ ಆರ್ಟ್ ಮ್ಯೂಸಿಯಮ್ಮಿನಲ್ಲಿ ಗೇಟ್ಸ್ ಡೇವ್‌ನ ಒಂದು ಗುಡಾಣವನ್ನು ನಡುವೆ ಇಟ್ಟು ಪ್ರದರ್ಶನ ಮಾಡಿದ. ಡೇವ್‌ನ ಸಾಲುಗಳನ್ನು ದೊಡ್ಡ ಗಾಸ್ಪೆಲ್ ಗಾಯಕವೃಂದದಿಂದ ಹಾಡಿಸಿದ. ಮಡಕೆಯ ಮೈಮೇಲೆ ಒಬ್ಬನೇ ಗೀಚಿಕೊಂಡದ್ದನ್ನು ನೂರಾರು ಕಂಠ ಎತ್ತಿ ಹೇಳುವುದು. ಆತನ ಚರ್ಚು, ಆತನ ತಿಗರಿ ಎರಡೂ ಸರಿಯಾಗಿ ಕೂಡಿದ್ದು ಇಲ್ಲೇ ಅಂತ ನನ್ನ ಲೆಕ್ಕ.

ಎಲ್ಲ ಕೆಲಸಗಳೂ ಹೀಗೆ ಕೂಡಿಬರುವುದಿಲ್ಲ. ಹಳೆಯ ಅಗ್ನಿಶಾಮಕ ಪೈಪುಗಳನ್ನು ಉದ್ದುದ್ದ ಸೀಳಿ ಸಾಲಾಗಿ ಜೋಡಿಸಿದ ಆತನ ಫಲಕಗಳು ಪ್ರಸಿದ್ಧ. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ಪೊಲೀಸರು ಇಂಥ ಪೈಪುಗಳಿಂದಲೇ ನೀರು ಹೊಡೆಸಿದ್ದರು. ನೆನಪು ದೊಡ್ಡದು. ಆದರೆ ಆ ಫಲಕಗಳ ಫೋಟೋ ನೋಡಿದಾಗಲೆಲ್ಲ, ಕ್ಷಮಿಸಿ, ದೊಡ್ಡ ಕಂಪನಿಯ ರಿಸೆಪ್ಷನ್ ಗೋಡೆ ನೆನಪಾಗುತ್ತದೆ. ಬಣ್ಣದ ಪಟ್ಟೆಗಳು ಅಷ್ಟು ಅಚ್ಚುಕಟ್ಟಾಗಿ ಕೂತುಬಿಟ್ಟಿವೆ. ಪಕ್ಕದ ಬರಹ ಓದದೇ ಇದ್ದರೆ ನೀರಿನ ಹೊಡೆತ ತಾಕುವುದೇ ಇಲ್ಲ. ಡಾಂಬರಿನ ಕೆಲಸಗಳು ಹಾಗಲ್ಲ. ಅಪ್ಪನಿಂದ ಬಂದ ಡಾಂಬರು ಕಾಯಿಸುವ ಕೊಪ್ಪರಿಗೆ, ಅಪ್ಪನಿಂದ ಕಲಿತ ವರಸೆ. ಛಾವಣಿಗೆ ಬಳಿದಂತೆಯೇ ಹಲಗೆಗೆ ಬಳಿದದ್ದು, ಕೆಲವನ್ನು ಅಪ್ಪ ಮಗ ಇಬ್ಬರೂ ಸೇರಿ. ಅವಕ್ಕೆ ವಿವರಣೆ ಬೇಡ. ಮಳೆಗಾಲಕ್ಕೆ ಮುಂಚೆ ತಾರಸಿಗೆ ಡಾಂಬರು ಬಳಿಸಿದ ಯಾರಿಗೂ ಆ ವಾಸನೆ ಫೋಟೋದಲ್ಲೇ ಬರುತ್ತದೆ.

2024ರ ಬೇಸಿಗೆಯಲ್ಲಿ ಆಫೀಸ್ ಕೆಲಸದ ಮೇಲೆ ಟೋಕಿಯೋದಲ್ಲಿದ್ದೆ. ರೊಪ್ಪೊಂಗಿಯ ಮೋರಿ ಆರ್ಟ್ ಮ್ಯೂಸಿಯಮ್ಮಿನಲ್ಲಿ ಗೇಟ್ಸ್ ಪ್ರದರ್ಶನ ನಡೆದಿತ್ತು, ಹೆಸರು 'ಆಫ್ರೋ-ಮಿಂಗೇ'. ಕಪ್ಪು ಅಂದರೆ ಚೆಂದ ಅನ್ನುವ ಅಮೆರಿಕದ ಚಳವಳಿಯನ್ನೂ ಯಾನಾಗಿಯ ಮಿಂಗೇಯನ್ನೂ ಒಂದೇ ಸೂರಿನಡಿ ತರುವ ಪ್ರಯತ್ನ. ಎರಡೂ ದೊಡ್ಡವರ ಅಭಿರುಚಿಗೆ ಸೆಡ್ಡು ಹೊಡೆದವು, ಆದ್ದರಿಂದ ಬಂಧುಗಳು ಅನ್ನುವುದು ಗೇಟ್ಸ್ ತರ್ಕ. ಪದದಲ್ಲಿ ಒಂದು ಹೈಫನ್ ಹಾಕಿದಷ್ಟು ಸುಲಭಕ್ಕೆ ಇವರಿಬ್ಬರ ಜಗಳ ಮುಗಿಯುವುದಿಲ್ಲ, ಅಂತ ಗೊಣಗಿಕೊಂಡೇ ಒಳಗೆ ಹೋದೆ.

ಒಳಗೆ ಎರಡು ಕಡೆ ನಿಂತುಬಿಟ್ಟೆ. ಒಂದು, ಸಾಲು ಸಾಲಾಗಿ ಜೋಡಿಸಿದ ಮದ್ಯದ ಬುದ್ದಲಿಗಳು. ಹಿಂದೆ ಜಪಾನಿನಲ್ಲಿ ಸಾಕೆ ಮಾರುವ ಅಂಗಡಿಗಳು ಗಿರಾಕಿಗಳಿಗೆ ಎರವಲು ಕೊಡುತ್ತಿದ್ದ ಪಾತ್ರೆಗಳ ಮಾದರಿಯವು. ಅವುಗಳ ಮೇಲೆ ಬರೆದಿರುತ್ತಿದ್ದುದು ಅಂಗಡಿಯ ಹೆಸರು, ಕುಂಬಾರನದಲ್ಲ. ಗೇಟ್ಸ್ ಅವುಗಳ ಮೇಲೆ ಬಾಗಿಲು ಅನ್ನುವ ಅರ್ಥದ ಜಪಾನಿ ಅಕ್ಷರ ಹಾಕಿಸಿದ್ದಾನೆ. ಗೇಟ್ಸ್, ಗೇಟು, ಬಾಗಿಲು. ತಾನೀಗ ಕುಂಬಾರನಲ್ಲ, ಅಂಗಡಿ ಅಂತ ಆತನೇ ಒಪ್ಪಿಕೊಂಡಂತೆ ಕಂಡಿತು ನನಗೆ. ನಕ್ಕೆ.

ಇನ್ನೊಂದು ಕಡೆ ನಗು ಬರಲಿಲ್ಲ. ಟೊಕೊನಾಮೆಯಲ್ಲಿ ಕೊಯಿದೆ ಯೋಶಿಹಿರೊ ಅನ್ನುವ ಕುಂಬಾರ ಇದ್ದ, 2022ರಲ್ಲಿ ತೀರಿಕೊಂಡ. ಆತ ಬಿಟ್ಟುಹೋದ ಸುಮಾರು 20,000 ಪಾತ್ರೆಗಳನ್ನು ಗೇಟ್ಸ್ ಇಡಿಯಾಗಿ ಕೊಂಡು, ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ತುಂಬಿಸಿಟ್ಟಿದ್ದ. ಬಟ್ಟಲು, ಹೂಜಿ, ತಟ್ಟೆ, ಮತ್ತೆ ಬಟ್ಟಲು. ಯಾನಾಗಿ ಹೇಳಿದ ಸಾವಿರ ಸಲದ ಕೆಲಸ ಕಣ್ಣೆದುರೇ ಇತ್ತು, ಆದರೆ ಹೆಸರಿಲ್ಲದವನದಲ್ಲ. ಕೊಯಿದೆಯ ಹೆಸರನ್ನು ನನ್ನಂಥವನು ಇಲ್ಲಿ ಕನ್ನಡದಲ್ಲಿ ಬರೆಯುವ ಹಾಗಾಗಿದ್ದು ಗೇಟ್ಸ್‌ನಿಂದ. ಅದೇ ಹೊತ್ತಿಗೆ, ಟಿಕೆಟಿನ ಮೇಲಿದ್ದ ಹೆಸರು ಕೊಯಿದೆಯದಲ್ಲ. ಯಾಮಾಗುಚಿಯ ಆಟವೇ ತಿರುಗುಮುರುಗಾಗಿದೆ. ಅಂದು ಇಲ್ಲದ ಜಪಾನಿ ಕುಂಬಾರನ ಹೆಸರಿನಿಂದ ಗೇಟ್ಸ್‌ನ ತಟ್ಟೆಗೆ ಬೆಲೆ ಬಂತು. ಇಂದು ಗೇಟ್ಸ್‌ನ ಹೆಸರಿನಿಂದ, ನಿಜವಾಗಿ ಬದುಕಿದ್ದ ಜಪಾನಿ ಕುಂಬಾರನ ಬಟ್ಟಲಿಗೆ.

ಡೇವ್‌ಗೆ ಈ ಏರ್ಪಾಡು ಒಪ್ಪಿಗೆಯಾಗುತ್ತಿತ್ತೇ? ಅರ್ಧ ಆಗುತ್ತಿತ್ತು ಅಂದುಕೊಳ್ಳುತ್ತೇನೆ. ಒಡೆಯನ ಇನಿಷಿಯಲ್ಲಿನ ಪಕ್ಕದಲ್ಲೇ ತನ್ನ ಹೆಸರು ಹಾಕಿ ಅಭ್ಯಾಸವಿದ್ದವನು ಆತ. ಆದರೆ ಅಕ್ಷರ ಗೀಚಿದ್ದು ತಾನೇ, ಒಡೆಯನಲ್ಲ. ಕೊಯಿದೆಯ ವಿಷಯದಲ್ಲಿ ಆ ಕಡ್ಡಿ ಗೇಟ್ಸ್ ಕೈಯಲ್ಲಿದೆ.

ಆ ಕಪಾಟುಗಳ ಮುಂದೆ ನನಗೆ ಬಂದ ಆಸೆ ಮಾತ್ರ ತೀರಾ ಸಣ್ಣದು. ಅಷ್ಟರಲ್ಲಿ ಒಂದನ್ನಾದರೂ ಕೈಗೆತ್ತಿಕೊಂಡು, ಮಗುಚಿ, ತಳದಲ್ಲಿ ಕೊಯಿದೆ ಏನಾದರೂ ಗುರುತು ಹಾಕಿದ್ದಾನಾ ನೋಡಬೇಕಿತ್ತು. ಮುಟ್ಟುವ ಹಾಗಿರಲಿಲ್ಲ.