ಎಳೆಯುವ ಕೊಕ್ಕೆ, ಹೊರುವ ಕೊಕ್ಕೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೆಳಗಾವಿ ಸೀಮೆಯ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳದ್ದೇ. ಒಂದೊಂದರ ಬೆನ್ನಿಗೆ ಎರಡೆರಡು ಟ್ರೇಲರು, ಮೇಲೆ ಆಳೆತ್ತರ ಮೀರಿದ ಕಬ್ಬು. ಹಿಂದೆ ಸಿಕ್ಕಿಕೊಂಡು ದಾರಿ ಕಾಯುವ ಪಾಳಿ ಬಂದಾಗ ಎರಡು ಟ್ರೇಲರುಗಳ ನಡುವಿನ ಜೋಡಣೆಯ ಕಡೆ ಕಣ್ಣು ಹಾಯಿಸಿ. ದಪ್ಪ ಪಿನ್ನೊಂದು ಅದಕ್ಕಿಂತ ದೊಡ್ಡ ತೂತಿನೊಳಗೆ ಸಡಿಲಾಗಿ ಆಡುತ್ತಿರುತ್ತದೆ. ಆ ಸಡಿಲು ಅಲ್ಲಿ ಬೇಕೇ ಬೇಕು. ತಿರುವಿನಲ್ಲಿ ಟ್ರೇಲರು ಹೊರಳಬೇಕು, ದಿಬ್ಬ ಹತ್ತುವಾಗ ಮೇಲೆ ಕೆಳಗೆ ಬಾಗಬೇಕು. ಬಿಗಿಯಾಗಿ ಕೂರಿಸಿದರೆ ಮೊದಲ ಹಳ್ಳದಲ್ಲೇ ಮುರಿಯುತ್ತದೆ.

ಗಾಡಿಯ ಹಿಂದೆ ಸೈಕಲ್ ರ‍್ಯಾಕ್ ಹೂಡಲು ಟೋ ಹಿಚ್ ಬೇಕೆಂದು ನಮ್ಮ ಊರಿನ ವೆಲ್ಡಿಂಗ್ ಅಂಗಡಿಗೆ ಹೋದರೆ, ಮಾಡುವವರ ಕೈಗೆ ಬರುವುದು ಈ ಟ್ರ್ಯಾಕ್ಟರಿನ ಬುದ್ಧಿ. ನನ್ನ ಮೊದಲ ಹಿಚ್ ಆದದ್ದು ಹಾಗೆಯೇ. ದಪ್ಪ ಪಟ್ಟಿ, ದಪ್ಪ ಪಿನ್ನು, ನೋಡಲು ಆನೆ ಕಟ್ಟಬಹುದು ಎನ್ನುವಂತಿತ್ತು. ಕೂರಿಸಿದ್ದು ಮಾತ್ರ ಬಂಪರಿನ ಹಿಂದಿನ ಅಡ್ಡಪಟ್ಟಿಗೆ, ನಾಲ್ಕು ವೆಲ್ಡು ಹೊಡೆದು. ನನ್ನದೊಂದು, ಮಗಳದೊಂದು ಸೈಕಲ್ಲು ಹೇರಿಕೊಂಡು ಪೀರನವಾಡಿಯಲ್ಲಿ ಬಲಕ್ಕೆ ಹೊರಳಿ, ಕಿಣಯೆ ದಾಟಿ ಜಾಂಬೋಟಿಗೆ ಹೋಗಿ ಬರುವ ಭಾನುವಾರಗಳು ಒಂದು ಚಳಿಗಾಲ ಪೂರ್ತಿ ಸಾಗಿದವು. ಒಂದು ಸಂಜೆ ಗಾಡಿ ತೊಳೆಯುವಾಗ ವೆಲ್ಡಿನ ಅಂಚಿಗುಂಟ ಕೂದಲೆಳೆಯಂಥ ಕೆಂಪು ಗೆರೆ ಕಂಡಿತು. ಖಾನಾಪುರ ತಾಲ್ಲೂಕಿನ ಜಂಬಿಟ್ಟಿಗೆ ಮಣ್ಣಿನ ಧೂಳು ಎಲ್ಲೆಲ್ಲೂ ಕೂರುತ್ತದೆ, ತೊಳೆದರೆ ಹೋಗುತ್ತದೆ. ಈ ಗೆರೆ ಹೋಗಲಿಲ್ಲ.

ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸದಲ್ಲೇ ತಲೆ ನೆರೆದ ಮಿಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಮಾತಾಡದೆ ಚಿಂದಿಗೆ ಸೀಮೆಎಣ್ಣೆ ಅದ್ದಿ ಆ ಜಾಗಕ್ಕೆ ಹಚ್ಚಿದರು. ಒಂದಿಷ್ಟು ಹೊತ್ತು ಬಿಟ್ಟು ಒಣಬಟ್ಟೆಯಿಂದ ಚೊಕ್ಕ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರು. ಬೆಳ್ಳಗಾದ ಕಬ್ಬಿಣದ ಮೇಲೆ ನಿಧಾನವಾಗಿ ಕಪ್ಪು ಗೆರೆಯೊಂದು ಮೂಡತೊಡಗಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಹೊರಕ್ಕೆ ಹೀರುತ್ತಿತ್ತು. ನಾನು ಕಂಡದ್ದು ಒಂದು ಇಂಚು, ಅದು ತೋರಿಸಿದ್ದು ಮೂರು ಇಂಚು.

“ಕಾಕಾ, ಇದು ಎರಡು ಟನ್ನು ಜಗ್ಗತೈತಿ ಅಂತ ಮಾಡಿದವ್ರು ಹೇಳಿದ್ರಲ್ಲ?” ಅಂದೆ.

“ಜಗ್ಗತಿತ್ತೇನೊ ಸರ. ಆದ್ರ ನೀವು ಇದರ ಕಡೆ ಜಗ್ಗಿಸಾಕತ್ತಿಲ್ಲ, ಹೊರಸಾಕತ್ತೀರಿ. ಜಗ್ಗೂದು ಬ್ಯಾರೆ, ಹೊರೂದು ಬ್ಯಾರೆರಿ.”

ಹಿಚ್ ಕೊಳ್ಳುವ ಪ್ರತಿಯೊಬ್ಬರಿಗೂ ನಾನು ಇದನ್ನೇ ಹೇಳುತ್ತೇನೆ. ಅಂಗಡಿಯವರು ಮೊದಲು ಹೇಳುವುದು ಎಳೆಯುವ ತೂಕವನ್ನು. ಸೈಕಲ್ಲಿನವರಿಗೆ ಆ ಅಂಕಿಯಿಂದ ಏನೂ ಆಗಬೇಕಿಲ್ಲ. ಟ್ರೇಲರಿನ ತೂಕ ಬಹುಪಾಲು ಅದರ ಚಕ್ರಗಳ ಮೇಲೆ ಕೂತಿರುತ್ತದೆ. ಕೊಕ್ಕೆಯ ಮೇಲೆ ನೇರ ಕೆಳಕ್ಕೆ ಬೀಳುವುದು ಅದರ ಶೇಕಡಾ 10ರಿಂದ 15ರಷ್ಟು ಮಾತ್ರ. 500 ಕೆಜಿ ಎಳೆಯುವ ಕೊಕ್ಕೆ ಎಂದರೆ ತನ್ನ ಮೇಲೆ ಹೊರುವುದು 50 ಕೆಜಿ ಎಂದೇ ತಿಳಿಯಬೇಕು. ಯುರೋಪಿನ ಹಿಚ್‌ಗಳ ಮೇಲೆ ಬಡಿದ ಸಣ್ಣ ಫಲಕದಲ್ಲಿ ‘ಎಸ್’ ಅಕ್ಷರದ ಮುಂದೆ ಈ ಎರಡನೆಯ ಅಂಕಿ ಬೇರೆಯಾಗಿಯೇ ಇರುತ್ತದೆ. ನೀವು ಕೇಳಬೇಕಾದ್ದು ಅದನ್ನು.

ಅಷ್ಟಕ್ಕೇ ನಿಲ್ಲಬಾರದು. ನಮ್ಮ ಎರಡು ಸೈಕಲ್ಲು ತಲಾ 14 ಕೆಜಿ, ರ‍್ಯಾಕ್ 20 ಕೆಜಿ, ಅಂದಾಜು 50 ಕೆಜಿ ಎನ್ನಿ. ಈ ಭಾರದ ನಡುಮಧ್ಯ ಚಾಸಿಯ ಕೊನೆಯ ಬೋಲ್ಟಿನಿಂದ 60 ಸೆಂಟಿಮೀಟರ್ ಆಚೆ ನೇತಾಡುತ್ತದೆ. ಒಂದು ಮೀಟರಿನ ಹಾರೆ ಚಾಚಿ ಅದರ ತುದಿಗೆ 30 ಕೆಜಿ ತೂಗುಬಿಟ್ಟ ಹಾಗೆ. ನಿಂತ ಗಾಡಿಯ ಲೆಕ್ಕ ಇದು. ಹಿಂದಿನ ಚಕ್ರ ತಗ್ಗಿಗೆ ಬಿದ್ದೆದ್ದಾಗ ಆಗುವ ಜಗ್ಗಿಗೆ ನಾನು ಮೂರು ಪಟ್ಟು ಹಿಡಿಯುತ್ತೇನೆ. ಹಾರೆಯ ತುದಿಯಲ್ಲಿ ಈಗ 90 ಕೆಜಿ, ಅದೂ ಪ್ರತಿ ತಗ್ಗಿಗೆ ಒಮ್ಮೆ, ಜಾಂಬೋಟಿಗೆ ಹೋಗಿ ಬರುವುದರೊಳಗೆ ನೂರಾರು ಸಲ. ಕಬ್ಬಿಣ ಮುರಿಯುವುದು ಒಂದು ಪೆಟ್ಟಿಗಲ್ಲ, ಹೀಗೆ ಮತ್ತೆ ಮತ್ತೆ ಬಾಗಿಸಿದ್ದಕ್ಕೆ.

ಹಾಗಾಗಿ ಹಿಚ್ಚಿನ ಅಂದಕ್ಕಿಂತ ಮೊದಲು ಅದು ಎಲ್ಲಿ ಕಚ್ಚಿಕೊಂಡಿದೆ ಎಂದು ನೋಡಬೇಕು. ಥಾರ್, ಜಿಮ್ನಿ, ಗೂರ್ಖಾ, ನಮ್ಮ ಬೊಲೆರೊ ಇವೆಲ್ಲ ಏಣಿಯಂಥ ಚಾಸಿಯ ಮೇಲೆ ನಿಂತ ಗಾಡಿಗಳು. ಏಣಿಯ ಎರಡೂ ಉದ್ದ ಗಳುಗಳಿಗೆ ಹಿಚ್ಚಿನ ತೋಳುಗಳು ಚಾಚಿ, ಒಂದೊಂದು ಕಡೆ ಕನಿಷ್ಠ ಎರಡೆರಡು ಬೋಲ್ಟು, ಅವುಗಳ ನಡುವೆ ಒಂದು ಗೇಣಾದರೂ ಅಂತರ ಇರಬೇಕು. ಬೋಲ್ಟುಗಳು ಹತ್ತಿರ ಹತ್ತಿರವಿದ್ದಷ್ಟೂ ಒಂದೊಂದರ ಮೇಲಿನ ಸೆಳೆತ ಹೆಚ್ಚು. ಚಾಸಿಗೆ ವೆಲ್ಡು ಬೇಡವೇ ಬೇಡ. ಕಾಸಿದ ಜಾಗದ ಪಕ್ಕದ ಉಕ್ಕು ತನ್ನ ಗುಣ ಕಳೆದುಕೊಳ್ಳುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಕೆತ್ತಿರಬೇಕು. ಏನೂ ಕೆತ್ತಿರದ ಬೋಲ್ಟು ಗೇಟಿಗೆ ಸರಿ, ಇದಕ್ಕಲ್ಲ. 12 ಎಂಎಂನ 8.8 ಬೋಲ್ಟನ್ನು ಸುಮಾರು 80 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಅಂದಾಜಿನ ಕೈಬಲ ಸಾಲದು, ಟಾರ್ಕ್ ಪಾನಾ ಇರುವ ಗ್ಯಾರೇಜಿಗೇ ಹೋಗಿ.

ಇನ್ನು ಸಡಿಲಿನ ಮಾತು. ಅಮೆರಿಕದ ಪದ್ಧತಿಯ ರಿಸೀವರ್, ಅಂದರೆ ರ‍್ಯಾಕಿನ ದಂಡ ತೂರಿಸುವ ಹಿಚ್ಚಿನ ಬಾಯಿ, ಚೌಕ ಕೊಳವೆಯದು. ದೊಡ್ಡದು ಎರಡು ಇಂಚು, ಅಂದರೆ 50.8 ಎಂಎಂ, ಚಿಕ್ಕದು ಒಂದೂಕಾಲು ಇಂಚು. ಕಚ್ಚಾ ರಸ್ತೆಗೆ ದೊಡ್ಡದೇ ಇರಲಿ, ಒಳ್ಳೆಯ ರ‍್ಯಾಕ್‌ಗಳು ಅದಕ್ಕೇ ಸಿಗುತ್ತವೆ. ನಮ್ಮಲ್ಲಿ ಮಾಡಿಸುವವರು 60 ಎಂಎಂ ಚೌಕ, 4 ಎಂಎಂ ದಪ್ಪದ ಪೈಪು ಹಿಡಿಯುತ್ತಾರೆ, ಒಳಗೆ 52 ಎಂಎಂ ಉಳಿಯುತ್ತದೆ. ಅದರೊಳಗೆ 50 ಎಂಎಂ ದಂಡ ತೂರಿಸಿದರೆ ಎರಡು ಎಂಎಂ ಸಂದು. ಎರಡು ಎಂಎಂ ಏನು ಮಹಾ ಅನಿಸಬಹುದು. ಒಳಗೆ ಕೂತ ದಂಡ 20 ಸೆಂಟಿಮೀಟರು, ಹೊರಗಿನ ಸೈಕಲ್ಲು 90 ಸೆಂಟಿಮೀಟರ್ ದೂರ. ಆ ಸಂದು ಅಲ್ಲಿ ಒಂಬತ್ತು ಎಂಎಂ ಕುಣಿತವಾಗುತ್ತದೆ. ಸೈಕಲ್ಲು ತಲೆಯಾಡಿಸಿದಂತೆಲ್ಲ ಆ ದಂಡ ರಿಸೀವರಿನ ಬಾಯನ್ನು ಸುತ್ತಿಗೆಯಂತೆ ಬಡಿಯುತ್ತದೆ. ಟ್ರ್ಯಾಕ್ಟರಿಗೆ ಜೀವಾಳವಾದ ಸಡಿಲು ಸೈಕಲ್ಲಿಗೆ ಕುತ್ತು.

ಮಿಸ್ತ್ರಿ ಕಾಕಾ ನನ್ನ ಎರಡನೆಯ ಹಿಚ್ ಮಾಡಿದಾಗ ಈ ಸಂದಿಗೇ ಅರ್ಧ ದಿನ ಕೊಟ್ಟರು. ಪೈಪಿನ ಒಳಮೈಯಲ್ಲಿ ಉದ್ದಕ್ಕೂ ಓಡುವ ವೆಲ್ಡಿನ ಏಣನ್ನು ಮೊದಲು ಅರದಿಂದ ಉಜ್ಜಿ ತೆಗೆದರು. ದಂಡ ಸೊಟ್ಟ ಕೂರುವುದೇ ಆ ಏಣಿನಿಂದ. ಆಮೇಲೆ ರಿಸೀವರಿನ ಪಕ್ಕಕ್ಕೂ ತಳಕ್ಕೂ ಒಂದೊಂದು ನಟ್ಟು ಕೂರಿಸಿ, ಹೊರಗಿನಿಂದ ಬೋಲ್ಟು ತಿರುವಿದರೆ ಒಳಗಿನ ದಂಡ ಎದುರು ಗೋಡೆಗೆ ಒತ್ತಿ ನಿಲ್ಲುವಂತೆ ಮಾಡಿದರು. ಅಡ್ಡಕ್ಕೆ ತೂರುವ ಪಿನ್ನು 16 ಎಂಎಂನದು, ಅದರ ತುದಿಗೆ ಸಣ್ಣ ಕ್ಲಿಪ್ಪು. ಬಂಡಿಯ ಕಡೆಗೀಲಿನ ಕೆಲಸವೇ ಅದರದ್ದು. ಕ್ಲಿಪ್ಪು ಎರಡು ಕೊಂಡಿಡಿ, ಒಂದು ಕಳೆದೇ ಕಳೆಯುತ್ತದೆ.

ಸ್ಟೆಪ್ನಿಯ ತಕರಾರು ಬೇರೆ. ನಮ್ಮ ಈ ಬಗೆಯ ಗಾಡಿಗಳಲ್ಲಿ ಸ್ಟೆಪ್ನಿ ಹಿಂಬಾಗಿಲಿನ ಮೇಲೆ. ಅದನ್ನು ದಾಟಿ ರ‍್ಯಾಕ್ ನಿಲ್ಲಬೇಕೆಂದರೆ ದಂಡ ಉದ್ದವಾಗಬೇಕು, ಉದ್ದವಾದರೆ ಹಾರೆಯ ಲೆಕ್ಕ ಏರುತ್ತದೆ. ಜೋಡಿಸುವ ತುಂಡು ಹಾಕಿ ದಂಡ ಉದ್ದ ಮಾಡಿದರೆ ಹಿಚ್ಚಿನ ಹೊರುವ ಶಕ್ತಿಯನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿ ಎಂದು ತಯಾರಕರೇ ಹೇಳುತ್ತಾರೆ. ಸ್ಟೆಪ್ನಿ ಕೂತ ಬಾಗಿಲು ಪಕ್ಕಕ್ಕೆ ತೆರೆಯುವುದರಿಂದ, ರ‍್ಯಾಕ್ ಹಿಂದಕ್ಕೆ ಬಾಗಿದರೂ ಬಾಗಿಲು ಪೂರ್ತಿ ಬಿಚ್ಚುತ್ತದೋ ಇಲ್ಲವೋ ಕೊಳ್ಳುವ ಮೊದಲೇ ನೋಡಬೇಕು. ಸ್ಟೆಪ್ನಿಗೇ ಬೆಲ್ಟು ಸುತ್ತಿ ನಿಲ್ಲಿಸುವ ರ‍್ಯಾಕ್‌ಗಳೂ ಇವೆ. ಊರೊಳಗೆ ಒಂದು ಸೈಕಲ್ಲಿಗೆ ಪರವಾಗಿಲ್ಲ; ಎರಡಕ್ಕೆ, ಕಚ್ಚಾ ರಸ್ತೆಗೆ, ಬಾಗಿಲಿನ ಹಿಂಜಿಗಳ ಮೇಲೆ ಆ ಭಾರ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿಚ್ ಕೆಳಗೆ ಇಳಿದಷ್ಟೂ ಗಾಡಿಯ ಬಾಲ ನೆಲಕ್ಕೆ ತಾಗುತ್ತದೆ. ಐದು ಬಾಗಿಲಿನ ಜಿಮ್ನಿಯ ಹಿಂಬದಿಯ ಕೋನ 50 ಡಿಗ್ರಿ, 2020ರ ಥಾರಿನದು 37ರ ಹತ್ತಿರ. ಹಳ್ಳಕ್ಕಿಳಿದು ಏರಲಿಕ್ಕೆಂದೇ ಕೊಂಡ ಗಾಡಿಗೆ ಈ ಕೋನವೇ ಕಳೆದುಹೋದರೆ ಏನು ಬಂತು? ನೇರವಾದ ರೀಪನ್ನು ಹಿಂದಿನ ಟಯರು ನೆಲ ಮುಟ್ಟುವಲ್ಲಿಂದ ಹಿಚ್ಚಿನ ತಳಕ್ಕೆ ಹಿಡಿದು, ಮೇಲೆ ಮೊಬೈಲ್ ಇಟ್ಟು ಕೋನ ಅಳೆದು ನೋಡಿ. ಸೈಲೆನ್ಸರಿನ ಬಾಯಿ ಯಾವ ಚಕ್ರದ ಎದುರಿಗೆ ಬರುತ್ತದೆ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಬಿಸಿ ಹೊಗೆಗೆ ಸೈಕಲ್ ಟಯರು ಮೆತ್ತಗಾಗಿ ಹೋಗುತ್ತದೆ.

ಕಾನೂನಿನ ಬಗ್ಗೆ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆ ಬದಲಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮಕ್ಕೆ ಸೂಚಿಸಿದ್ದು ಇದನ್ನೇ ಹಿಡಿದು. ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಂಬರ್ ಪ್ಲೇಟಾಗಲಿ ಹಿಂದಿನ ದೀಪಗಳಾಗಲಿ ಮರೆಯಾಗುವ ರ‍್ಯಾಕ್ ಬೇಡ. ಸೈಕಲ್ಲು ಇಲ್ಲದ ದಿನ ದಂಡವನ್ನು ಕಳಚಿ ಮನೆಯಲ್ಲಿಡಿ. ಹಿಂದೆ ಬರುವ ಬೈಕಿನವರ ಮೊಣಕಾಲಿಗೆ ಆ ಕಬ್ಬಿಣ ಸರಿಯಾಗಿ ಬಡಿಯುವ ಎತ್ತರದಲ್ಲಿರುತ್ತದೆ.

ಮಳೆಗಾಲದ್ದು ದೊಡ್ಡ ಪರೀಕ್ಷೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಬೆಳಗಾವಿ ನಗರದವರ ಅಂದಾಜಿಗೆ ಸಿಗುವಂಥದ್ದಲ್ಲ. ಜೂನ್ ತಿಂಗಳಲ್ಲಿ ತೂರಿಸಿ ಮರೆತ ದಂಡ ಗಣೇಶ ಚೌತಿಗೆ ಹೊರಬರಲು ಸುತ್ತಿಗೆ ಕೇಳಿತು. ಹೊರಮೈಗೆ ಎಷ್ಟು ಚೆಂದದ ಪೌಡರ್ ಕೋಟಿಂಗ್ ಇದ್ದರೂ ಕೊಳವೆಯ ಒಳಗೆ ಅದು ಸರಿಯಾಗಿ ಇಳಿಯುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸಿಂಗ್ ಇಳಿಯುತ್ತದೆ. ತಳದಲ್ಲಿ ನೀರಿಳಿಯಲು ಒಂದು ತೂತು, ಬಾಯಿಗೆ ರಬ್ಬರಿನ ಮುಚ್ಚಳ, ದಂಡಕ್ಕೆ ತೆಳ್ಳಗೆ ಗ್ರೀಸು. ಕೆಂಪು ಕೆಸರು ಒಳಗೇ ಒಣಗಿದರೆ ಇಟ್ಟಿಗೆಯಾಗುತ್ತದೆ, ಅವತ್ತೇ ತೊಳೆಯಬೇಕು.

ಇಷ್ಟೆಲ್ಲ ಯಾಕೆ, ಬೆಳಗಾವಿಯಿಂದಲೇ ತುಳಿದುಕೊಂಡು ಹೋಗಬಾರದೇ ಎಂದು ಕೇಳುವವರಿದ್ದಾರೆ. ಹೋಗಬಹುದು. ಆದರೆ ಖಾನಾಪುರ 26 ಕಿಲೋಮೀಟರು, ಲಾರಿಗಳ ಹೆದ್ದಾರಿ. ಹದಿಮೂರರ ಮಗಳನ್ನು ಅಲ್ಲಿ ಕರೆದೊಯ್ಯಲಾರೆ. ಖಾನಾಪುರದಲ್ಲಿ ಗಾಡಿ ನಿಲ್ಲಿಸಿ ಸೈಕಲ್ಲು ಇಳಿಸಿದರೆ ರಾಯಣ್ಣನ ಸಮಾಧಿಯಿರುವ ನಂದಗಡ, ಅಲ್ಲಿಂದ ಕದಂಬರ ಹಲಸಿ, ಭೂವರಾಹ ನರಸಿಂಹನ ಗುಡಿಯ ಕಲ್ಲುಕಟ್ಟೆಯ ಮೇಲೆ ಬುತ್ತಿ. ಭೀಮಗಡ ಅಭಯಾರಣ್ಯದ ಕಡೆಗೆ ಹೋದಾಗ ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ಚಕ್ರ ಇಳಿಸುವುದಿಲ್ಲ, ಅದು ನಮ್ಮ ಮನೆಯ ನಿಯಮ.

ಮೊನ್ನೆ ಭಾನುವಾರವೂ ಜಾಂಬೋಟಿಯಲ್ಲಿ ಚಹಾಕ್ಕೆ ನಿಂತೆವು. ಮಗಳು ಗಾಡಿಯಿಂದ ಇಳಿದವಳೇ ಹಿಂದಕ್ಕೆ ಹೋಗಿ ಹೊರಗಿನ ಸೈಕಲ್ಲಿನ ಚಕ್ರ ಹಿಡಿದು ಜೋರಾಗಿ ಅಲ್ಲಾಡಿಸಿದಳು, ಮೂರು ಸಲ. ಸೈಕಲ್ಲಿನ ಜೊತೆ ಗಾಡಿಯೇ ಸ್ಪ್ರಿಂಗಿನ ಮೇಲೆ ತೂಗಿತು, ನಡುವೆ ಎಲ್ಲೂ ಟಕ್ಕೆಂಬ ಸದ್ದಿಲ್ಲ. “ಅಪ್ಪಾ, ಗಟ್ಟಿ ಐತಿ” ಎಂದು ಕೂಗಿ, ಬಗ್ಗಿ ಕ್ಲಿಪ್ಪು ಮುಟ್ಟಿ ನೋಡಿ ಬಂದಳು.