ನ್ಯಾಸಾಪಹಾರ: ಒಂದು ತೀರ್ಪಿನ ವಿಮರ್ಶೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದು ಸೂಕ್ಷ್ಮವಾದುದು. ಒಬ್ಬನು ಮತ್ತೊಬ್ಬನಲ್ಲಿ ಹೊನ್ನನ್ನು ಇಡುಗಂಟಾಗಿ ಇಟ್ಟಿರುತ್ತಾನೆ. ಕಾಲಾಂತರದಲ್ಲಿ ಲೆಕ್ಕ ಮರೆತು, ಇಟ್ಟದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹಾಗೆಯೇ ಆಗಲಿ' ಎಂದು ಕೇಳಿದಷ್ಟನ್ನೇ ಎಣಿಸಿ ಕೊಡುತ್ತಾನೆ. ಅವನ ಬಾಯಿಂದ ಸುಳ್ಳಿನ ಒಂದಕ್ಷರವೂ ಹೊರಬಿದ್ದಿಲ್ಲ. ಆದರೂ ಸೂತ್ರಕಾರರು ಇದನ್ನು ಅಚೌರ್ಯವ್ರತದ ಕೆಳಗಿಡದೆ ಸತ್ಯವ್ರತದ ಕೆಳಗೇ ಇಟ್ಟಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಆ ಒಪ್ಪಿಗೆಯ ಮಾತನ್ನೇ ದೋಷವೆಂದು ವಿವರಿಸುತ್ತದೆ.

ದೊಡ್ಡ ಕಂಪನಿಗಳ ಪರವಾಗಿ ವಕಾಲತ್ತು ವಹಿಸುವ ಬೃಹತ್ ವಕೀಲ ಸಂಸ್ಥೆಗಳ ಶಕ್ತಿ ಯಾವುದರಲ್ಲಿದೆ ಎಂಬುದನ್ನು ತಿಳಿಯಲು ಈ ಸೂತ್ರಕ್ಕಿಂತ ಉತ್ತಮವಾದ ಕೈದೀವಿಗೆ ಸಿಗಲಾರದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಫೈಸನ್ಸ್ ಎಂಬ ಔಷಧ ಕಂಪನಿಯ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದಕ್ಕೆ ಸಾಕ್ಷಿ. ಕಂಪನಿಯ ಪರ ನಿಂತಿದ್ದುದು ಸಿಯಾಟಲ್ ನಗರದ ಹಳೆಯ, ದೊಡ್ಡ ಸಂಸ್ಥೆಯಾದ ಬೋಗಲ್ ಅಂಡ್ ಗೇಟ್ಸ್.

1986ರ ಜನವರಿಯಲ್ಲಿ, ಆ ಕಂಪನಿಯ 'ಸೋಮೋಫಿಲಿನ್' ಎಂಬ ಉಬ್ಬಸದ ಔಷಧವನ್ನು ಸೇವಿಸುತ್ತಿದ್ದ ಪುಟ್ಟ ಮಗುವೊಂದು ಫಿಟ್ಸ್‌ಗೆ ತುತ್ತಾಗಿ, ಅದರ ಮಿದುಳಿಗೆ ಶಾಶ್ವತ ಹಾನಿಯಾಯಿತು. ಔಷಧದ ಮೂಲದ್ರವ್ಯ ಥಿಯೋಫಿಲಿನ್. ತಂದೆತಾಯಿಗಳು ವೈದ್ಯರ ಮೇಲೂ ಕಂಪನಿಯ ಮೇಲೂ ದಾವೆ ಹೂಡಿದರು. ಅಪಾಯವನ್ನು ಅರಿತಿದ್ದ ಕಂಪನಿ ತಮಗೆ ತಿಳಿಸಲಿಲ್ಲವೆಂಬುದು ವೈದ್ಯರ ದೂರು. ಅಲ್ಲಿಯ ಪದ್ಧತಿಯಂತೆ ವಿಚಾರಣೆಗೆ ಮುಂಚೆಯೇ ಒಂದು ಪಕ್ಷವು ಇನ್ನೊಂದರ ಬಳಿಯಿರುವ ದಾಖಲೆಗಳನ್ನು ಕೇಳಿ ಪಡೆಯಬಹುದು. ಮಕ್ಕಳಲ್ಲಿ ಥಿಯೋಫಿಲಿನ್ ವಿಷವಾಗುವ ಬಗ್ಗೆ ವೈದ್ಯರಿಗೆ ಬರೆದ ಪತ್ರಗಳಿದ್ದರೆ ಕೊಡಿರೆಂದು ಕೇಳಲಾಯಿತು. ಬಂದ ಉತ್ತರ: ಸೋಮೋಫಿಲಿನ್ ಕುರಿತು ಅಂಥ ಪತ್ರಗಳಿದ್ದರೆ ಕೊಡಲಾಗುವುದು. ಕೇಳಿದ್ದು ಮೂಲದ್ರವ್ಯದ ಮಾತು, ಉತ್ತರಿಸಿದ್ದು ಮಾರಾಟದ ಹೆಸರಿನ ಮಾತು. ಓದುವ ಕಣ್ಣಿಗೆ ವ್ಯತ್ಯಾಸ ಸುಲಭವಾಗಿ ಕಾಣದು. ಆದರೆ ವೈರಾಣು ಸೋಂಕು ತಗುಲಿದ ಮಕ್ಕಳಿಗೆ ಥಿಯೋಫಿಲಿನ್‌ನಿಂದ ಪ್ರಾಣಾಪಾಯವಿದೆಯೆಂದು ಕಂಪನಿಯೇ 1981ರಲ್ಲಿ ಆಯ್ದ ಕೆಲವು ಪ್ರಭಾವಿ ವೈದ್ಯರಿಗೆ ಬರೆದಿದ್ದ ಪತ್ರವು ಅದರದೇ ಇನ್ನೊಂದು ಔಷಧವಾದ 'ಇಂಟಾಲ್'ನ ಕಡತದಲ್ಲಿತ್ತು! ಆ ಔಷಧಕ್ಕೆ ಗಿರಾಕಿಗಳನ್ನು ಸೆಳೆಯುವ ಸಲುವಾಗಿ ಥಿಯೋಫಿಲಿನ್‌ನ ದೋಷವನ್ನು ಹೇಳಿದ್ದರು. ವ್ಯಾಪಾರಕ್ಕೆ ಬೇಕಾದಾಗ ನುಡಿದ ಸತ್ಯವು ನ್ಯಾಯಕ್ಕೆ ಬೇಕಾದಾಗ ಬೇರೆ ಕಡತದ್ದಾಯಿತು. ನ್ಯಾಸಾಪಹಾರದ ದೃಷ್ಟಾಂತದಲ್ಲಿ ಇಟ್ಟವನು ಮರೆತಿದ್ದಾನೆ. ಇಲ್ಲಿ ಕೇಳಿದವನು ಪೂರ್ಣವಾಗಿಯೇ ಕೇಳಿದ್ದಾನೆ, ಪ್ರಶ್ನೆಯನ್ನೇ ಕಿರಿದುಮಾಡಿ ಉತ್ತರಿಸಲಾಗಿದೆ. ಇದು ಆ ಅತಿಚಾರಕ್ಕಿಂತಲೂ ಒಂದು ಹೆಜ್ಜೆ ಮುಂದಿನದು.

1990ರಲ್ಲಿ ಆ ಪತ್ರದ ಪ್ರತಿಯೊಂದನ್ನು ಹೆಸರಿಲ್ಲದ ಯಾರೋ ವೈದ್ಯರ ವಕೀಲರಿಗೆ ತಲುಪಿಸಿದರು. ಬಳಿಕ 1985ರ ಆಂತರಿಕ ಟಿಪ್ಪಣಿಯೊಂದೂ ಹೊರಬಂದಿತು. ಅದಾದ ಸ್ವಲ್ಪ ಕಾಲದಲ್ಲೇ ಕಂಪನಿ 69 ಲಕ್ಷ ಡಾಲರ್ ಕೊಟ್ಟು ಮಗುವಿನ ಕುಟುಂಬದೊಡನೆ ರಾಜಿ ಮಾಡಿಕೊಂಡಿತು.

ದಾಖಲೆ ಮರೆಮಾಡಿದ್ದಕ್ಕೆ ದಂಡ ವಿಧಿಸಲು ಕೆಳಗಿನ ನ್ಯಾಯಾಲಯ ಒಪ್ಪಲಿಲ್ಲ. ಇದು ವೃತ್ತಿಯ ವಾಡಿಕೆಯೇ ಎಂದು ಅನುಭವಿ ವಕೀಲರು ಅಭಿಪ್ರಾಯ ಕೊಟ್ಟಿದ್ದರು. ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ನಡತೆಯನ್ನು ಅಳೆಯಬೇಕಾದುದು ವಾಡಿಕೆಯಿಂದಲ್ಲ, ನಿಯಮದ ಆಶಯದಿಂದ ಎಂದು ನುಡಿಯಿತು. ಆ ಉತ್ತರಗಳು ದಾರಿ ತಪ್ಪಿಸುವಂಥವು ಎಂದಿತು. 1994ರಲ್ಲಿ 3,25,000 ಡಾಲರ್ ದಂಡಕ್ಕೆ ಒಪ್ಪಂದವಾಗಿ ವಿಷಯ ಮುಗಿಯಿತು. ಆ ವಕೀಲ ಸಂಸ್ಥೆ 1999ರಲ್ಲಿ ವಿಸರ್ಜನೆಗೊಂಡಿತು. ಅದನ್ನು ಕರ್ಮಫಲವೆಂದು ಸಾರುವ ಆತುರ ಬೇಡ. ಕರ್ಮಸಿದ್ಧಾಂತ ಅಷ್ಟು ಅಗ್ಗದ ಗಣಿತವಲ್ಲ.

ತೀರ್ಪು ಶ್ಲಾಘ್ಯವೇ ಸರಿ. ಆದರೆ ಅದು ನಿಂತ ಜಾಗವನ್ನೂ ಗಮನಿಸಬೇಕು. ನಿಯಮ ಮುರಿದುದನ್ನು ತೋರಿಸಿದರೆ ಸಾಕು, ಮನಸ್ಸಿನ ಉದ್ದೇಶವನ್ನು ಸಾಧಿಸಬೇಕಾಗಿಲ್ಲವೆಂದಿತು. ಕಾನೂನಿಗೆ ಇದು ಅನುಕೂಲ. ನೀತಿಯ ವಿಚಾರಕ್ಕಾದರೋ ಅಲ್ಲಿಂದಲೇ ಆರಂಭ. ಆರನೆಯ ಅಧ್ಯಾಯದ ಸೂತ್ರವು ಸಂರಂಭ, ಸಮಾರಂಭ, ಆರಂಭಗಳನ್ನು ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ಆಸ್ರವದ 108 ಬಗೆಗಳನ್ನು ಎಣಿಸುತ್ತದೆ. ದೊಡ್ಡ ವಕೀಲ ಸಂಸ್ಥೆಯ ರಚನೆಯೇ ಇದಕ್ಕೆ ವಿರುದ್ಧವಾದ ಗಣಿತದ ಮೇಲೆ ನಿಂತಿದೆ. ಕಿರಿಯನು ಕಡತ ಹುಡುಕುತ್ತಾನೆ, ಹಿರಿಯನು ಉತ್ತರದ ವಾಕ್ಯ ಕಡೆಯುತ್ತಾನೆ, ಕಕ್ಷಿದಾರನು ಸಹಿ ಹಾಕುತ್ತಾನೆ, ಪ್ರಕರಣದ ಹೆಸರನ್ನೂ ಕೇಳದ ಪಾಲುದಾರನು ವರ್ಷಾಂತ್ಯದ ಲಾಭದಲ್ಲಿ ಪಾಲು ಪಡೆಯುತ್ತಾನೆ. ಹೊಣೆಯನ್ನು ಹೀಗೆ ಹಂಚಿದರೆ ಯಾರ ಪಾಲಿಗೂ ಏನೂ ಉಳಿಯದು. ಸೂತ್ರದ ಲೆಕ್ಕದಲ್ಲಿ ಮಾಡಿದವನು, ಮಾಡಿಸಿದವನು, ಅನುಮೋದಿಸಿದವನು ಎಲ್ಲರೂ ತಮ್ಮತಮ್ಮ ಹೊಣೆಯನ್ನು ಹೊರುತ್ತಾರೆ; ಒಬ್ಬನ ದೋಷದಿಂದ ಇನ್ನೊಬ್ಬನದು ಕಡಿಮೆಯಾಗುವುದಿಲ್ಲ.

ವಕೀಲನು ಒಂದೇ ಪಕ್ಷದ ಮಾತನ್ನಾಡುವುದು ಅನೇಕಾಂತಕ್ಕೆ ಸಮ್ಮತವೆಂದು ಕೆಲವರು ವಾದಿಸುವುದುಂಟು. ಎರಡು ನಯಗಳು ಎದುರಾದಾಗ ನ್ಯಾಯಾಧೀಶನು ಸಮಗ್ರವನ್ನು ಕಾಣುತ್ತಾನೆಂಬುದು ಅವರ ತರ್ಕ. ವಾದ ಮಂಡನೆಯ ಮಟ್ಟಿಗೆ ಇದು ಸರಿ. ಆದರೆ ಇತರ ನಯವನ್ನು ಅಲ್ಲಗಳೆಯುವ ನಯವು ನಯಾಭಾಸ. ಎದುರು ಪಕ್ಷದ ನಯಕ್ಕೆ ಆಧಾರವಾದ ಪತ್ರವನ್ನೇ ಬಚ್ಚಿಡುವುದಕ್ಕೆ ಆ ಹೆಸರೂ ಸಲ್ಲದು.

ಭಾರತದಲ್ಲಿಯೂ 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು, ತನ್ನ ವಾದಕ್ಕೆ ಪ್ರತಿಕೂಲವಾದ ದಾಖಲೆಗಳನ್ನೂ ಕಕ್ಷಿದಾರನು ಮುಂದಿಡಬೇಕೆಂದು ವಿಧಿಸಿದೆ. ಬಸದಿಗಳ, ಕ್ಷೇತ್ರಗಳ ಆಡಳಿತದ ವ್ಯಾಜ್ಯಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಳೆಯ ದಾನಪತ್ರವೊಂದು ಎದುರು ಪಕ್ಷಕ್ಕೆ ಅನುಕೂಲವಾಗಿದ್ದರೆ ಅದನ್ನು ಕಪಾಟಿನಿಂದ ತೆಗೆಯಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿ ವಕೀಲರಿಗಿಂತ ಮೊದಲು ಧರ್ಮದರ್ಶಿಗಳ ಮುಂದೆ ಬರುತ್ತದೆ. ವಕೀಲನು ಎಷ್ಟೇ ಚತುರನಾದರೂ, 'ಅನುಮತ' ಕಕ್ಷಿದಾರನದು.

ಇನ್ನು ಉಳಿದಿರುವುದು ಆ ಹೆಸರಿಲ್ಲದ ವ್ಯಕ್ತಿಯ ವಿಚಾರ. ಅದೇ ಸೂತ್ರವು ಇತರರ ರಹಸ್ಯ ಬಯಲುಮಾಡುವುದನ್ನೂ ಅತಿಚಾರವೆನ್ನುತ್ತದೆ. ಕಕ್ಷಿದಾರನ ಗುಟ್ಟು ಕಾಯುವ ವಕೀಲನ ಕರ್ತವ್ಯಕ್ಕೂ ಅಲ್ಲಿ ಆಧಾರ ಸಿಗುತ್ತದೆ. ಆದರೆ ಸಾಕಾರಮಂತ್ರಭೇದಕ್ಕೆ ಪೂಜ್ಯಪಾದರು ಅಸೂಯೆ ಮೊದಲಾದವುಗಳನ್ನು ನಿಮಿತ್ತವಾಗಿ ಹೇಳಿದ್ದಾರೆ. ಮಿದುಳು ನೊಂದ ಮಗುವಿನ ದಾವೆಯಲ್ಲಿ ಪತ್ರವೊಂದನ್ನು ಬೆಳಕಿಗೆ ತಂದವನಿಗೆ ಆ ನಿಮಿತ್ತವಿತ್ತೋ, ಕರುಣೆಯಿತ್ತೋ, ತೀರ್ಪು ಹೇಳುವುದಿಲ್ಲ. ಕೃತ, ಕಾರಿತ, ಅನುಮತಗಳ ಆ ಉದ್ದನೆಯ ಸರಪಳಿಯ ಬಳಿ ಎಲ್ಲಿಯೋ ಇದ್ದ ಒಬ್ಬರು ಅನುಮತಿಯನ್ನು ಹಿಂತೆಗೆದುಕೊಂಡರು ಎಂಬುದಷ್ಟೇ ಕಾಣುತ್ತದೆ.